ಸಂಧ್ಯಾಳ ಪಾಲಿನ ಉಂಡಿ

ಅನುದಾನ ಬರಲಿ ಎಂದು ದೇವರಿಗೆ ಕಾಯಿ ಒಡೆಸಿದವರನ್ನು ನನ್ನ ಜೀವಮಾನದಲ್ಲಿ ಒಬ್ಬರನ್ನೇ ನೋಡಿದ್ದೇನೆ. ನಮ್ಮ ಎದುರುಮನೆಯ ರತ್ನಾಬಾಯಿ. ಸಾಲೆಗೆ ಅನುದಾನ, ಸಂಘಕ್ಕೆ ಅನುದಾನ ಎಂದು ಓಡಾಡುವ ದೊಡ್ಡವರನ್ನು ಬೇಕಾದಷ್ಟು ಕಂಡಿದ್ದೇನೆ, ಅವರು ಹಿಡಿಯುವುದು ದೇವರ ಕಾಲನ್ನಲ್ಲ. ರತ್ನಾಬಾಯಿಗೆ ಬೇಕಾಗಿದ್ದ ಅನುದಾನವೇ ಬೇರೆ. ನೇಕಾರರ ಎದೆಯಲ್ಲಿ ಎಷ್ಟು ಉಸಿರಿದೆ ಎಂದು ವರ್ಷ ವರ್ಷವೂ ಅಳೆದು ನೋಡುವ ಒಂದು ಅಧ್ಯಯನಕ್ಕೆ ದಿಲ್ಲಿಯಿಂದ ಬರಬೇಕಾಗಿದ್ದದ್ದು ಅದು. ಅದು ಬಂದರೆ ಒಬ್ಬ ಹುಡುಗಿ ಮನೆಗೆ ಬರುತ್ತಾಳೆ, ಬರದಿದ್ದರೆ ಬರುವುದಿಲ್ಲ. ಸರಕಾರದ ವ್ಯವಹಾರದಲ್ಲಿ ಆಕೆಗೆ ತಿಳಿದದ್ದು ಇಷ್ಟೇ, ಬೇಕಾಗಿದ್ದದ್ದೂ ಇಷ್ಟೇ.

ನಾನು ರಬಕವಿಯಲ್ಲಿ ಸಾಲೆ ಮಾಸ್ತರನಾಗಿದ್ದು ನಿವೃತ್ತನಾದವನು. ನಮ್ಮ ಓಣಿಯಲ್ಲಿ ನನ್ನ ಮನೆಯೊಂದನ್ನು ಬಿಟ್ಟರೆ ಮಿಕ್ಕ ಎಲ್ಲ ಮನೆಗಳಲ್ಲೂ ಮಗ್ಗ. ಪಾವರಲೂಮಿನ ಸಪ್ಪಳದಲ್ಲಿ ಬದುಕುವವರು ಪ್ರೀತಿಯ ಮಾತನ್ನೂ ಕೂಗಿಯೇ ಆಡುತ್ತಾರೆ, ಹೊರಗಿನವರು ಅದನ್ನು ಜಗಳವೆಂದು ತಿಳಿಯುತ್ತಾರೆ. ರತ್ನಾಬಾಯಿಯ ದನಿಯಂತೂ ಹೊಳೆಯಾಚೆಗೂ ಕೇಳುವಂಥದ್ದು. ಆಕೆಯ ಗಂಡ ರಾಚಪ್ಪ ಅಷ್ಟೇ ಮೆತ್ತಗಿನ ಮನುಷ್ಯ. ಪಡಸಾಲೆಯಲ್ಲಿ ಎರಡು ಪಾವರಲೂಮು ಇದ್ದವು. ರಾಚಪ್ಪ ಸೀರೆ ನೇಯುತ್ತಿದ್ದ, ರತ್ನಾಬಾಯಿ ಗೋಡೆಗೆ ಬೆನ್ನು ಕೊಟ್ಟು ಕೂತು ಲಾಳಿಯೊಳಗೆ ಕೂಡುವ ಕಂಡಕಿಗೆ ನೂಲು ಸುತ್ತುತ್ತಿದ್ದಳು. ಒಬ್ಬನೇ ಮಗ, ಕಲ್ಮೇಶ. ಒಂದು ಹೆಣ್ಣು ಹುಟ್ಟಲಿ ಎಂದು ಆಕೆ ಮಲ್ಲಯ್ಯನಿಗೆ ಹರಕೆ ಹೊತ್ತದ್ದು ಓಣಿಗೆಲ್ಲ ಗೊತ್ತು. ಹುಟ್ಟಲಿಲ್ಲ.

ನಮ್ಮ ಕಡೆ ನಾಗರ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ಗಂಡನ ಮನೆಯಲ್ಲಿ ಎಂಥ ಕಷ್ಟವಿರಲಿ, ಆ ನಾಲ್ಕು ದಿನ ಮಗಳು ತವರಿಗೆ ಬರಬೇಕು, ಉಂಡಿ ತಿನ್ನಬೇಕು, ಜೋಕಾಲಿ ಆಡಬೇಕು. ರತ್ನಾಬಾಯಿಯ ಮನೆಗೆ ಬರುವವರು ಯಾರೂ ಇರಲಿಲ್ಲ. ಆದರೂ ಆಕೆ ಪ್ರತಿ ವರ್ಷ ಹಿತ್ತಲಿನ ಬೇವಿನಮರಕ್ಕೆ ಹಗ್ಗ ಕಟ್ಟಿಸುತ್ತಿದ್ದಳು. ಓಣಿಯ ಹುಡುಗಿಯರು ಬಂದು ಜೀಕಿ ಹೋಗುತ್ತಿದ್ದರು, ಆಕೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನೋಡುವಾಗ ಮಾತ್ರ ಆ ಗಟ್ಟಿ ದನಿ ಕೇಳುತ್ತಿರಲಿಲ್ಲ.

ಬಿಜಾಪುರದಿಂದ ಒಡೆದು ಬಾಗಲಕೋಟೆ ನಮ್ಮ ಜಿಲ್ಲೆಯಾದ ಮರುವರ್ಷ, ಮುಂಗಾರು ಆಗತಾನೇ ಹಿಡಿದಿದ್ದಾಗ, ಸಂಧ್ಯಾ ಎಂಬ ಹುಡುಗಿ ನಮ್ಮ ಓಣಿಗೆ ಬಂದಳು. ಒಂದು ವೈದ್ಯಕೀಯ ಕಾಲೇಜಿನವರು ಸರಕಾರದ ಅನುದಾನ ತಂದು ನೇಕಾರರ ಆರೋಗ್ಯ ನೋಡುವ ದೊಡ್ಡ ಕೆಲಸ ಹಿಡಿದಿದ್ದರು. ಇಪ್ಪತ್ತು ವರ್ಷದ ಕೆಲಸ. ಆದರೆ ಅನುದಾನ ಐದೈದು ವರ್ಷಕ್ಕೆ ಒಮ್ಮೆ. ಮನೆಮನೆಗೆ ಬಂದು ಕೇಳಿ ಅಳೆದು ಹೋಗುವುದು ಸಂಧ್ಯಾಳ ಪಾಲಿಗೆ ಬಿದ್ದಿತ್ತು. ಮುಧೋಳದ ಹುಡುಗಿ, ಅಪ್ಪ ಗಂಗಾರಾಮ ಕಚೇರಿಯೊಂದರಲ್ಲಿ ಗುಮಾಸ್ತ. ಅವ್ವ ಇವಳ ಎಳವೆಯಲ್ಲೇ ತೀರಿಕೊಂಡಿದ್ದಳು.

ಮನೆಯೊಳಗೆ ಕಾಲಿಡುವ ಮೊದಲೇ ಸಂಧ್ಯಾ ತನ್ನ ಅಪ್ಪನ ಹೆಸರು, ಮುಧೋಳದ ತನ್ನ ಓಣಿ ಎರಡನ್ನೂ ಹೇಳಿಬಿಡುತ್ತಿದ್ದಳು. ಹಾಗೆ ಹೇಳಿದ ಮೇಲೆ ಕೆಲವು ಮನೆಗಳಲ್ಲಿ ಕುರ್ಚಿ ಕಟ್ಟೆಯ ಮೇಲೆಯೇ ಬರುತ್ತಿತ್ತು. ಒಳಗೆ ಕರೆದು ಆಮೇಲೆ ಗೊತ್ತಾಗಿ ಮುಖ ಹುಳ್ಳಗೆ ಮಾಡಿಕೊಳ್ಳುವುದಕ್ಕಿಂತ ಅದೇ ವಾಸಿ ಎಂದು ಅವಳು ಕಲಿತುಕೊಂಡಿದ್ದಳು. ರತ್ನಾಬಾಯಿ ಎಲ್ಲ ಕೇಳಿಸಿಕೊಂಡು, “ಕೇಳಿದೆ, ಒಳಗ ಬಾ, ಹೊರಗ ನಿಂತರ ಮಗ್ಗದ ಗದ್ದಲದಾಗ ಏನೂ ಕೇಳೂದಿಲ್ಲ” ಎಂದಳು. ಒಳಗೆ ಎಂದರೆ ಪಡಸಾಲೆಯಲ್ಲ, ಅಡುಗೆಮನೆ. ಒಲೆಯ ಮುಂದೆ ಮಣೆ ಹಾಕಿ ಕೂಡಿಸಿ, ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟು ಕೊಟ್ಟಳಂತೆ. ಅದನ್ನು ನನಗೆ ಹೇಳಿದ್ದು ಸಂಧ್ಯಾಳೇ. ಹೇಳುವಾಗ ಅವಳು ನನ್ನ ಮುಖ ನೋಡಲಿಲ್ಲ.

ಊಟವಾದ ಮೇಲೆ ರತ್ನಾಬಾಯಿ ಕೇಳಿದಳು. “ಮತ್ತ ಯಾವಾಗ ಬರ್ತೀ ತಂಗಿ?”

“ವರ್ಷಕ್ಕೊಮ್ಮೆ ಒಂದು ಇಡೀ ದಿನಾ ಬೇಕ್ರಿ, ಅವ್ವಾರ. ನಿಮಗ ಯಾವಾಗ ಬಿಡುವ ಇರ್ತೈತಿ ಅದನ್ನ ಹೇಳ್ರಿ.”

“ಪಂಚಮಿಗೆ ಬಾ. ಮಗ್ಗ ಬಂದ್ ಇರ್ತಾವ. ಓಣಿ ಮಂದಿ ಎಲ್ಲಾ ಮನ್ಯಾಗ ಇರ್ತಾರ, ಯಾರದೂ ದುಡಿಮಿ ಕೆಡೂದಿಲ್ಲ.”

ಎಲ್ಲರಿಗೂ ಒಪ್ಪಿತವಾದ ಮಾತು ಅದು. ಸಂಧ್ಯಾಳಿಗೂ ಒಪ್ಪಿತವಾಯಿತು. ಪಂಚಮಿಗೆ ಬಾ ಎಂದು ಅವಳನ್ನು ಅದುವರೆಗೆ ಯಾರೂ ಕರೆದಿರಲಿಲ್ಲ.

ಆಮೇಲಿನ ಪಂಚಮಿಗಳ ಸಂಭ್ರಮವನ್ನು ನಾನು ನನ್ನ ಕಟ್ಟೆಯ ಮೇಲೆ ಕೂತೇ ನೋಡಿದ್ದೇನೆ. ಹಬ್ಬಕ್ಕೆ ಮೊದಲೇ ರತ್ನಾಬಾಯಿ ಮನೆಯನ್ನು ಬುಡಮೇಲು ಮಾಡುತ್ತಿದ್ದಳು. ತೊಲೆಗೆ ಅಂಟಿದ ಬಿಳಿ ಧೂಳು, ಮಗ್ಗದ ಸಂದುಗೊಂದಿನಲ್ಲಿ ಕೂತ ನೂಲಿನ ಚೂರು, ಎಲ್ಲ ಹೊಡೆದು, ಉಡುಗಿ, ತೊಳೆದು, ನೆಲ ಸಾರಿಸಿ ಕಿಟಕಿ ಬಾಗಿಲು ತೆರೆದಿಡುತ್ತಿದ್ದಳು. ಕಲ್ಮೇಶನನ್ನು ಬಸ್‌ಸ್ಟ್ಯಾಂಡಿಗೆ ಅಟ್ಟುತ್ತಿದ್ದಳು, ಅಕ್ಕನನ್ನು ಕರೆತರಲು ತಮ್ಮ ಹೋಗಬೇಕಲ್ಲ. ಮುಧೋಳದ ಗಾಡಿ ತಡವಾದರೆ ಸಾಕು, ಮಹಾಲಿಂಗಪುರದ ದಾರಿಯನ್ನೂ ಡ್ರೈವರನನ್ನೂ ಒಟ್ಟಿಗೆ ಬೈಯುತ್ತಿದ್ದಳು. ಆಕೆಯನ್ನು ನೋಡಿ ಓಣಿಯ ಉಳಿದ ಮನೆಯವರೂ ಕಸಬರಿಗೆ ಹಿಡಿದರು. ಮಾಸ್ತರಿಕೆ ಮಾಡಿದ ನನಗೆ ಇದೇನು ಹೊಸದಲ್ಲ. ಇನ್ಸ್‌ಪೆಕ್ಟರು ಬರುವ ದಿನ ನಮ್ಮ ಸಾಲೆಯೂ ಹೀಗೇ ಫಳಫಳ ಹೊಳೆಯುತ್ತಿತ್ತು.

ಸಂಧ್ಯಾ ಬಂದವಳು ಮೊದಲು ಒಂದು ಕೊಳವೆ ಕೊಟ್ಟು ಜೋರಾಗಿ ಊದಿಸುತ್ತಿದ್ದಳು. ರಾಚಪ್ಪ ಅಮಾವಾಸ್ಯೆಯಿಂದ ಮಗ್ಗಕ್ಕೆ ಸೂಟಿ ಕೊಟ್ಟು, ಬೆಲ್ಲ ಮೆಣಸಿನ ಕಷಾಯ ಕುಡಿದು, ಹಸನಾಗಿ ನಿದ್ದೆ ಮಾಡಿ ಎದ್ದ ಎದೆಯಿಂದ ಊದುತ್ತಿದ್ದ. ಆಮೇಲೆ ಧೂಳು ಹಿಡಿಯುವ ಒಂದು ಸಣ್ಣ ಪೆಟ್ಟಿಗೆಯನ್ನು ಮಗ್ಗಕ್ಕೆ ತೂಗುಹಾಕುತ್ತಿದ್ದಳು. ಹಬ್ಬದ ದಿನವಾದರೂ ಅವಳಿಗೋಸ್ಕರ ರಾಚಪ್ಪ ಒಂದು ಮಗ್ಗವನ್ನು ನಿಧಾನಕ್ಕೆ ನಡೆಸಿ ತೋರಿಸುತ್ತಿದ್ದ. ಸಾರಿಸಿದ ನೆಲ, ತೆರೆದ ಕಿಟಕಿ, ಹೊಳೆಯ ಕಡೆಯಿಂದ ಶ್ರಾವಣದ ತಂಗಾಳಿ. ಪೆಟ್ಟಿಗೆಯಲ್ಲಿ ಏನು ಬಿದ್ದೀತು? ಮುಧೋಳದ ಹುಡುಗಿ ಅದಕ್ಕೆ ಮೊದಲು ಮಗ್ಗದ ಮನೆಯನ್ನು ಕಂಡವಳಲ್ಲ. ಮಗ್ಗ ಯಾವಾಗಲೂ ಹೀಗೇ ನಡೆಯುತ್ತದೆ ಎಂದುಕೊಂಡಳು.

ಕೊನೆಗೆ ಪ್ರಶ್ನೆ. ಕೆಮ್ಮು ಐತೇನ್ರಿ? ದಮ್ಮು ಹತ್ತತೈತೇನ್ರಿ? ಎದಿ ಬಿಗೀತೈತೇನ್ರಿ? ಗಂಡ ಹೆಂಡತಿ ಇಬ್ಬರದೂ ಒಂದೇ ಉತ್ತರ. “ಇಲ್ಲವಾ, ಆರಾಮ ಅದೀವಿ.” ನಮ್ಮಲ್ಲಿ ಮನೆಗೆ ಬಂದವರು ಹೇಗಿದ್ದೀರಿ ಎಂದು ಕೇಳಿದರೆ ಆರಾಮ ಎನ್ನುವುದೇ ಪದ್ಧತಿ. ಜ್ವರದಲ್ಲಿ ಮಲಗಿದವನೂ ಎದ್ದು ಕೂತು ಆರಾಮ ಎನ್ನುತ್ತಾನೆ. ಅದರಲ್ಲೂ ಮಗಳು ತವರಿಗೆ ಬಂದಾಗ ಅವಳ ಮುಂದೆ ತಮ್ಮ ಬೇನೆ ಬೇಸರಿಕೆ ಬಿಚ್ಚುವ ತಾಯಿ ತಂದೆ ಯಾರಿದ್ದಾರೆ? ಬಂದ ನಾಲ್ಕು ದಿನ ಅವಳು ನಗುನಗುತ್ತಾ ಇದ್ದು ಹೋಗಬೇಕು.

ಕೆಲಸ ಮುಗಿದ ಮೇಲೆ ಹಿತ್ತಲಿನ ಜೋಕಾಲಿ. ಸಂಧ್ಯಾ ಮೊದಲ ವರ್ಷ ನಾಚಿದಳು. ಎರಡನೆಯ ವರ್ಷದಿಂದ ಬೇವಿನ ಟೊಂಗೆ ಮುಟ್ಟುವಂತೆ ಜೀಕುತ್ತಿದ್ದಳು. ರತ್ನಾಬಾಯಿ ಕೆಳಗೆ ನಿಂತು, “ಸಾವಕಾಶ ಲೇ ಹುಡುಗಿ, ಬಿದ್ದರ ನಿಮ್ಮಪ್ಪಗ ನಾ ಏನ್ ಹೇಳ್ಲಿ” ಎಂದು ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದಳು. ಹೋಗುವಾಗ ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ, ತಂಬಿಟ್ಟು ತುಂಬಿದ ಡಬ್ಬಿ. ಡಬ್ಬಿ ತಿರುಗಿ ತರುವ ನೆಪದಲ್ಲಿ ಇನ್ನೊಮ್ಮೆ ಬಂದಾಳು ಎಂದು ಆಕೆ ಪ್ರತಿ ವರ್ಷ ಹೊಸ ಡಬ್ಬಿಯಲ್ಲೇ ಕೊಡುತ್ತಿದ್ದಳು. ಸಂಧ್ಯಾ ಅಷ್ಟೂ ಡಬ್ಬಿಗಳನ್ನು ಮುಂದಿನ ಪಂಚಮಿಗೇ ತರುತ್ತಿದ್ದಳು. ನಡುವೆ ಬರಲು ಅವಳಿಗೆ ಬೇರೆ ಊರುಗಳಿದ್ದವು.

ನಾಲ್ಕನೆಯ ವರ್ಷ ಅವಳು ಒಂದು ಸುದ್ದಿ ತಂದಳು. ಎರಡನೆಯ ಅನುದಾನ ಬಂದರೆ ಬರೀ ಅಳೆಯುವುದಲ್ಲ, ಮದ್ದಿನ ಪ್ರಯೋಗವೂ ಶುರುವಾಗುತ್ತದೆ. ಎದೆ ಬಿಗಿಯುವ ನೇಕಾರರಿಗೆ ಬಾಯಿಂದ ಎಳೆದುಕೊಳ್ಳುವ ಔಷಧಿ, ತಿಂಗಳಿಗೊಮ್ಮೆ ಡಾಕ್ಟರು, ಎಲ್ಲ ಪುಕ್ಕಟೆ. ರತ್ನಾಬಾಯಿ ಆ ದಿನ ಎಂದಿಗಿಂತ ಹೆಚ್ಚು ಸಡಗರದಲ್ಲಿ ಆರಾಮ ಎಂದಳು. ನಾನು ಆಮೇಲೆ ಕೇಳಿದೆ. “ಅಲ್ಲ ರತ್ನಾಬಾಯಿ, ರಾಚಪ್ಪ ಕೆಮ್ಮೂದು ನಮ್ಮ ಮನೀತನಾ ಕೇಳತೈತಿ. ಅದನ್ನರ ಹೇಳಬಾರದ?”

“ಅದೇನು ಬ್ಯಾನೀ ಏನ್ರಿ ಮಾಸ್ತರ? ಅದು ಅಮಾಸಿ ಕಾಟ. ಮತ್ತ ನಾವು ಆರಾಮ ಇದ್ರನ ಅಕೀಗೆ ದಿಲ್ಲ್ಯಾಗ ಛಲೋ ಹೆಸರ ಬರೂದು.”

ಅಮಾವಾಸ್ಯೆ ಕಾಟದ ಬಗ್ಗೆ ಹೇಳಬೇಕು. ನಮ್ಮಲ್ಲಿ ಅಮಾವಾಸ್ಯೆಗೆ ಮಗ್ಗಗಳಿಗೆ ಸೂಟಿ. ಮರುದಿನ ಪಾಡ್ಯದ ಬೆಳಿಗ್ಗೆ ಮಗ್ಗ ಚಾಲೂ ಆದ ಸ್ವಲ್ಪ ಹೊತ್ತಿಗೆ ಹಳೆಯ ನೇಕಾರರ ಎದೆ ಕಟ್ಟಿಕೊಳ್ಳುತ್ತದೆ, ದಮ್ಮು ಹತ್ತುತ್ತದೆ. ಒಂದೆರಡು ದಿನಕ್ಕೆ ಸಡಿಲವಾಗುತ್ತದೆ. ಅದು ಅಮಾವಾಸ್ಯೆ ದಾಟಿ ಹೋಗುವಾಗ ಮಾಡುವ ಉಪದ್ರವ ಎಂದು ಅವರ ಅಜ್ಜ ಮುತ್ತಜ್ಜರ ಕಾಲದಿಂದ ನಂಬಿಕೆ. ಒಂದು ಲಿಂಬೆಹಣ್ಣು ನಿವಾಳಿಸಿ ಒಗೆದರೆ ಮುಗಿಯಿತು. ಯಾರೂ ಅದನ್ನು ರೋಗ ಎಂದು ಕರೆದವರಲ್ಲ, ಹೀಗಾಗಿ ರೋಗ ಇದೆಯೇ ಎಂದು ಕೇಳಿದವರಿಗೆ ಯಾರೂ ಅದನ್ನು ಹೇಳಲೂ ಇಲ್ಲ.

ಐದು ವರ್ಷ ತುಂಬಿದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಸಂಧ್ಯಾ ಹೇಳದೆ ಕೇಳದೆ ಬಂದಿಳಿದಳು. ಅಂದು ಪಾಡ್ಯ. ಓಣಿಯ ಮಗ್ಗಗಳೆಲ್ಲ ಒಮ್ಮೆಗೇ ಗುಡುಗುತ್ತಿದ್ದವು. ಅವಳ ಮುಖ ನೋಡಿ ಏನೋ ಆಗಿದೆ ಎನ್ನಿಸಿ ನಾನೂ ಕಟ್ಟೆ ಇಳಿದು ಹಿಂದೆ ಹೋದೆ. ಅವಳು ಹೊಸ್ತಿಲಲ್ಲೇ ನಿಂತುಬಿಟ್ಟಿದ್ದಳು. ಒಳಗಿನಿಂದ ಹಿಟ್ಟಿನ ಗಿರಣಿಯ ಹಾಗೆ ಬಿಳಿ ಧೂಳು ಬರುತ್ತಿತ್ತು. ನೂಲು ತೇವ ಹಾರಿ ಕಡಿಯಬಾರದೆಂದು ಕಿಟಕಿಗಳನ್ನೆಲ್ಲ ಮುಚ್ಚಿದ್ದರು. ತೊಲೆಯ ಮೇಲೆ, ದೇವರ ಪಟದ ಮೇಲೆ, ರತ್ನಾಬಾಯಿಯ ಹುಬ್ಬಿನ ಮೇಲೆ, ಎಲ್ಲಿ ನೋಡಿದರೂ ಬಿಳಿ. ರಾಚಪ್ಪ ಮಗ್ಗದ ಚೌಕಟ್ಟು ಹಿಡಿದು ಬಗ್ಗಿ ನಿಂತು, ಒಂದು ಉಸಿರು ಒಳಗೆ ಎಳೆದುಕೊಳ್ಳಲು ಹೆಣಗುತ್ತಿದ್ದ.

ರತ್ನಾಬಾಯಿ ಅವಳನ್ನು ಕಂಡವಳೇ ಎದ್ದು ಮೊದಲು ಕಸಬರಿಗೆಗೆ ಕೈ ಹಾಕಿದಳು. “ಒಂದು ಮಾತು ಹೇಳಿ ಬರಬಾರದೇನು ತಂಗಿ, ಮನಿ ಹೆಂಗ ಬಿದ್ದೈತಿ ನೋಡು.”

ಸಂಧ್ಯಾ ಕಸಬರಿಗೆ ಹಿಡಿದ ಆ ಕೈಯನ್ನು ಹಿಡಿದುಕೊಂಡಳು. “ದಿನಾ ಹಿಂಗ ಇರ್ತೈತೇನ್ರಿ, ಅವ್ವಾರ?”

“ಮಗ್ಗದ ಮನಿ ಅಂದಮ್ಯಾಲ ಇರೂದ. ನೀ ಬರೂ ಮುಂದ ಉಡುಗಿ ಇಡ್ತೀನಿ.”

“ಕಾಕಾರಿಗೆ ಏನಾಗೈತ್ರಿ?”

“ಏನೂ ಆಗಿಲ್ಲವಾ. ಪಾಡ್ಯ ಅಲ್ಲ ಇವತ್ತ? ಸೂಟಿ ಮರುದಿನಾ ಹಿಂಗ ಎದಿ ಹಿಡೀತೈತಿ. ಅಮಾಸಿ ಕಾಟ. ನಾಳಿಗೆ ಆರಾಮ ಆಗ್ತಾರ.”

“ಇದನ್ನ ಒಂದ್ ವರ್ಷನೂ ನನಗ ಹೇಳಲಿಲ್ಲಲ್ರಿ.”

“ನೀ ಕೇಳಿದ್ದು ಬ್ಯಾನಿ. ಅಮಾಸಿ ಹೆಂಗ ಬ್ಯಾನಿ ಆದೀತು? ಮತ್ತ ಹಬ್ಬಕ್ಕ ಮನಿಗೆ ಬಂದ ಮಗಳ ಮುಂದ ಯಾರರ ಅಳಕೋತ ಕುಂಡ್ರತಾರೇನು?”

ಸಂಧ್ಯಾ ಹೊಸ್ತಿಲ ಮೇಲೆಯೇ ಕೂತು ಅತ್ತಳು. ರತ್ನಾಬಾಯಿಗೆ ಏಕೆಂದು ತಿಳಿಯಲಿಲ್ಲ. ದಾರಿಯಲ್ಲಿ ಗಂಡಸರು ಯಾರೋ ಏನೋ ಅಂದಿರಬೇಕೆಂದು ಬಗೆದು, ನೀರು ಕೊಟ್ಟು, ಬೆನ್ನು ಸವರಿದಳು. ಹುಡುಗಿ ಬಂದದ್ದು ಅನುದಾನ ನಿಂತುಹೋಯಿತು ಎಂದು ಹೇಳಲು.

ಏಕೆ ನಿಂತಿತು ಎಂಬುದನ್ನು ಆಮೇಲೆ ನನ್ನ ಕಟ್ಟೆಯ ಮೇಲೆ ಕೂತು ಹೇಳಿದಳು. ನೇಕಾರರನ್ನು ಹೋಲಿಸಿ ನೋಡಲು ಮಗ್ಗವಿಲ್ಲದ ಊರೊಂದು ಬೇಕಲ್ಲ, ಅದಕ್ಕೆ ಬೀಳಗಿ ಕಡೆಯ ಹೊಳೆದಂಡೆಯ ಊರನ್ನು ಆರಿಸಿದ್ದರಂತೆ. ಆ ಹೊತ್ತಿಗೇ ಆಣೆಕಟ್ಟಿನ ಹಿನ್ನೀರು ಬಂದು ಊರಿಗೆ ಊರೇ ಎದ್ದು ಹೋಗಬೇಕಾಯಿತು. ಮನೆ ಹೊಲ ಮುಳುಗಿದವರು, ಪರಿಹಾರಕ್ಕೆ ಅಲೆದು ಬಸವಳಿದವರು. ಸರಕಾರದ ಕಡೆಯವರು ಬಂದು ಏನು ಬೇನೆ ಎಂದು ಕೇಳಿದರೆ ಬಿಡುತ್ತಾರೆಯೇ? ತಲೆನೋವಿನಿಂದ ಹಿಡಿದು ಅಂಗಾಲಿನ ಉರಿಯವರೆಗೆ ಎಲ್ಲ ಹೇಳಿಕೊಂಡರು. ಇತ್ತ ನಮ್ಮವರು ಐದು ವರ್ಷವೂ ಆರಾಮ. ದಿಲ್ಲಿಯ ಸಮಿತಿಯವರು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಬಯಲಿನ ಗಾಳಿ ಕುಡಿದ ರೈತನಿಗಿಂತ ಮಗ್ಗದ ಮುಂದೆ ಕೂತ ನೇಕಾರನೇ ಗಟ್ಟಿ. ಪೆಟ್ಟಿಗೆಯಲ್ಲಿ ಧೂಳೂ ಇಲ್ಲ. ಹಾಗಿದ್ದರೆ ಈ ಹಣವನ್ನು ನಿಜವಾಗಿ ಕಾಯಿಲೆ ಇರುವ ಕಡೆ ಕೊಡೋಣ ಎಂದರಂತೆ.

ನಾನು ಮೊದಲು ದಿಲ್ಲಿಯವರನ್ನು ಬಾಯಿಗೆ ಬಂದಂತೆ ಬೈದೆ. ಬೈದು ಮುಗಿಸುವಷ್ಟರಲ್ಲಿ ನನಗೇ ಪೆಚ್ಚಾಯಿತು. ಅವರು ನೋಡಿದ್ದು ನಾವು ತೋರಿಸಿದ್ದನ್ನೇ. ಆ ಹುಡುಗಿಯನ್ನು ಬೈಯಲೇ? ಕರೆದವರ ಮನೆಗೆ ಕರೆದ ದಿನ ಬಂದಳು. ರತ್ನಾಬಾಯಿಯನ್ನಂತೂ ಬೈಯಲು ಬಾಯಿ ಬರಲಿಲ್ಲ. ಮಗಳು ಬರುತ್ತಾಳೆ ಎಂದು ಮನೆ ಉಡುಗಿದ್ದು ತಪ್ಪು ಎಂದು ಯಾವ ಬಾಯಿಂದ ಹೇಳುವುದು?

ಸಂಧ್ಯಾ ಹೊರಡುವಾಗ ರತ್ನಾಬಾಯಿ ಒಂದೇ ಪ್ರಶ್ನೆ ಕೇಳಿದಳು. “ಹಂಗಾರ ಪಂಚಮಿಗೆ ಬರೂದಿಲ್ಲೇನು?”

“ಮತ್ತ ಅನುದಾನಕ್ಕ ಕೇಳ್ತೀನ್ರಿ, ಅವ್ವಾ.” ಅವ್ವಾರ ಹೋಗಿ ಅವ್ವಾ ಆದದ್ದು ಅಂದೇ.

ಕಾಯಿ ಒಡೆಸಿದ್ದು ಆ ಮರುವಾರ. ಪೂಜಾರಿ ಏನು ಬೇಡಿಕೆ ಎಂದು ಕೇಳಿದರೆ, “ದಿಲ್ಲ್ಯಾಗಿಂದ ಅನುದಾನ ಬರಬೇಕ್ರಿ” ಎಂದಳಂತೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಇಲ್ಲಿ ಪೂಜಾರಿ ಮನಸಾರೆ ಮಂತ್ರ ಹೇಳಿದ. ಆದರೂ ಬರಲಿಲ್ಲ.

ಸಂಧ್ಯಾಳಿಗೆ ರಾಯಚೂರಿನ ಕಡೆ ಬೇರೆ ಕೆಲಸ ಸಿಕ್ಕಿತು. ಪಂಚಮಿಗೆ ಬರಲಿಲ್ಲ, ನಮ್ಮ ಮನೆಗೆ ಫೋನು ಬಂತು. ಅಳೆಯುವ ಕೆಲಸವಿಲ್ಲದಿದ್ದರೂ ಸುಮ್ಮನೆ ಬಂದು ಹೋಗಬಾರದೆ ಎಂದು ನಾನೇ ಕೇಳಿದೆ. “ಯಾವ ಮುಖಾ ತಗೊಂಡ ಬರ್ಲಿ ಸರ್, ಮದ್ದು ತಂದರ ಬರ್ತೀನಿ” ಎಂದಳು. ರತ್ನಾಬಾಯಿ ರಿಸೀವರನ್ನು ಕಿವಿಗೆ ಒತ್ತಿ ಹಿಡಿದು, ರಾಯಚೂರಿಗೆ ಫೋನಿಲ್ಲದೆಯೇ ಕೇಳುವಷ್ಟು ಗಟ್ಟಿಯಾಗಿ, “ಆರಾಮ ಅದೀವಿ” ಎಂದು ಕೂಗಿದಳು. ಆ ವರ್ಷವೂ ಉಂಡಿ ಕಟ್ಟಿದಳು. ಒಂದು ಡಬ್ಬಿ ಬೇರೆ ಎತ್ತಿಟ್ಟು, ಇದು ಸಂಧ್ಯಾನ ಪಾಲು ಎಂದಳು. ಹಬ್ಬ ಕಳೆದು ಬಹಳ ದಿನವಾದ ಮೇಲೆ, ಉಂಡಿ ಮುಗ್ಗುವ ಮೊದಲು, ಆ ಪಾಲು ನಮ್ಮ ಮನೆಗೆ ಬಂತು. ಮರುವರ್ಷವೂ ಬಂತು. ಅದರ ಮರುವರ್ಷ ಹೊಳೆಗೆ ಮಹಾಪೂರ ಬಂದು ಓಣಿಯ ಬಾಯಿಗೆ ನೀರು ನಿಂತಾಗಲೂ ಬಂತು. ನನ್ನ ಸಕ್ಕರೆ ಕಾಯಿಲೆಗೆ ಡಾಕ್ಟರು ಏನೇನೋ ಕಾರಣ ಹೇಳುತ್ತಾರೆ, ನನಗೆ ಮಾತ್ರ ಕಾರಣ ಗೊತ್ತು.

ರಾಚಪ್ಪನಿಗೆ ಬರುಬರುತ್ತಾ ಎಲ್ಲ ದಿನವೂ ಪಾಡ್ಯವಾಯಿತು. ಹಾಸಿಗೆಯಲ್ಲಿ ಒರಗಿ ಮಲಗಲಾಗದೆ ಮಗ್ಗಕ್ಕೆ ತಲೆಯಿಟ್ಟು ಕೂತೇ ನಿದ್ದೆ ಮಾಡುತ್ತಿದ್ದ. ಜಮಖಂಡಿಗೆ, ಮಿರಜಿಗೆ ತೋರಿಸಿದರು. ಕೊನೆಗೆ ಒಂದು ಸುಗ್ಗಿಯ ಕಾಲದಲ್ಲಿ ತೀರಿಕೊಂಡ. ಮಣ್ಣು ಮಾಡಿ ಬಂದ ಸಂಜೆ ರತ್ನಾಬಾಯಿ ನನ್ನನ್ನು ಕರೆದು ಹೇಳಿದ್ದು ಒಂದೇ ಮಾತು. “ಸಂಧ್ಯಾಗ ಹೇಳಬ್ಯಾಡ್ರಿ ಮಾಸ್ತರ. ಅಕೀ ಎದಿ ಒಡಕೋತಾಳ.” ಆ ಪಂಚಮಿಗೆ ಫೋನು ಬಂದಾಗ, ಹಣೆಯಲ್ಲಿ ಬರೀ ವಿಭೂತಿಯಿದ್ದ ಆ ಹೆಂಗಸು ನನ್ನ ಕಣ್ಣೆದುರಿಗೇ, “ಕಾಕಾರೂ ಆರಾಮ ಅದಾರವಾ, ಮಗ್ಗದ ಮ್ಯಾಲ ಅದಾರ” ಎಂದಳು. ಫೋನಿಟ್ಟು ನಮ್ಮ ಗೋಡೆಗೆ ಹಣೆ ಹಚ್ಚಿ ನಿಂತಳು.

ನನಗೆ ತಡೆಯಲಾಗಲಿಲ್ಲ. ಆಕೆ ಹೋದ ಮೇಲೆ ಸಂಧ್ಯಾಳಿಗೆ ನಾನೇ ಫೋನು ಹಚ್ಚಿ ನಿಜ ಹೇಳಿದೆ. “ಅವ್ವಗ ನನ್ನ ಮುಂದ ಖರೆ ಹೇಳಾಕ ಆಗೂದಿಲ್ಲ ಸರ್, ಎಂದೂ ಆಗೂದಿಲ್ಲ” ಎಂದಳು. ಅಲ್ಲಿಂದಾಚೆಗೆ ಪಂಚಮಿಯ ಫೋನೂ ನಿಂತಿತು. ರತ್ನಾಬಾಯಿ ಹಬ್ಬದ ದಿನ ಬೆಳಿಗ್ಗೆಯಿಂದ ನಮ್ಮ ಪಡಸಾಲೆಯಲ್ಲಿ ಬಂದು ಕೂಡುತ್ತಿದ್ದಳು. ಸಂಜೆ ದೀಪ ಹಚ್ಚುವ ಹೊತ್ತಿಗೆ ಎದ್ದು, “ಗಂಡನ ಮನ್ಯಾಗ ಕೆಲಸಾ ಇರ್ತಾವ” ಎಂದು ಹೋಗುತ್ತಿದ್ದಳು. ಸಂಧ್ಯಾಳ ಮದುವೆಯಾಗಿದೆಯೋ ಇಲ್ಲವೋ ನಮಗೆ ಯಾರಿಗೂ ಗೊತ್ತಿರಲಿಲ್ಲ. ಡಬ್ಬಿ ಮಾತ್ರ ತಪ್ಪದೆ ಬರುತ್ತಿತ್ತು.

ಹೀಗೆ ಇನ್ನೂ ಕೆಲವು ವರ್ಷ ಕಳೆದವು. ಕಲ್ಮೇಶನಿಗೆ ಮದುವೆಯಾಗಿತ್ತು, ರಾಚಪ್ಪನ ಮಗ್ಗದ ಮುಂದೆ ಈಗ ಅವನು ನಿಂತಿದ್ದ. ರತ್ನಾಬಾಯಿ ಅದೇ ಗೋಡೆಗೆ ಒರಗಿ ಅದೇ ಕಂಡಕಿ ಸುತ್ತುತ್ತಿದ್ದಳು. ಹೊಳೆಯಾಚೆಗೆ ಕೇಳುತ್ತಿದ್ದ ದನಿ ಈಗ ನನ್ನ ಕಟ್ಟೆಗೂ ಕೇಳುತ್ತಿರಲಿಲ್ಲ. ನಾಲ್ಕು ಮಾತಿಗೆ ಒಮ್ಮೆ ನಿಂತು ಉಸಿರು ತಂದುಕೊಳ್ಳಬೇಕಾಗಿತ್ತು. ಕಲ್ಮೇಶನೂ ಪಾಡ್ಯದ ಬೆಳಿಗ್ಗೆ ಎದೆ ತಿಕ್ಕಿಕೊಳ್ಳತೊಡಗಿದ್ದ.

ಒಂದು ಶ್ರಾವಣ, ನಾಗರ ಅಮಾವಾಸ್ಯೆಯ ಮರುದಿನ ಬೆಳಿಗ್ಗೆ, ಹೆಗಲಿಗೆ ಚೀಲ ಹಾಕಿಕೊಂಡ ಒಬ್ಬ ಹುಡುಗಿ ಓಣಿಗೆ ಬಂದಳು. ಲೋಕಾಪುರದವಳು, ಹೆಸರು ಸಂಘಮಿತ್ರಾ. ರತ್ನಾಬಾಯಿಯ ಮನೆ ಯಾವುದೆಂದು ನನ್ನನ್ನೇ ಕೇಳಿದಳು, ನಾನೇ ಕರೆದುಕೊಂಡು ಹೋದೆ. ಮಗ್ಗಗಳು ನಡೆದಿದ್ದವು, ಮನೆಯೆಲ್ಲ ಬೆಳ್ಳಗಾಗಿತ್ತು. ಬಾಗಿಲಲ್ಲಿ ಅಪರಿಚಿತರನ್ನು ಕಂಡು ರತ್ನಾಬಾಯಿ ಗೋಡೆ ಹಿಡಿದು ಎದ್ದು ಕಸಬರಿಗೆ ಹುಡುಕಿದಳು.

“ಕಸಾ ಉಡುಗಬ್ಯಾಡ್ರಿ, ಅಮ್ಮಾರ. ಹೆಂಗ ಐತಿ ಹಂಗ ಇರ್ಲಿ ಅಂತ ಸಂಧ್ಯಾ ಮೇಡಂ ಹೇಳಿ ಕಳಿಸ್ಯಾರ್ರಿ.”

ರತ್ನಾಬಾಯಿ ಕಸಬರಿಗೆ ಹುಡುಕುವುದನ್ನು ಬಿಟ್ಟಳು. ಕೈ ಮುಂದೆ ಚಾಚಿ ಕೇಳಿದಳು. “ಅಕೀ ಎಲ್ಲದಾಳ?”

“ಧಾರವಾಡದಾಗ ಅದಾರ್ರಿ. ಮತ್ತ ಸರಕಾರದ ಅನುದಾನ ಬಂದೈತಿ. ಅವರ ಬರದು, ಜಗಳಾಡಿ ತಂದದ್ರಿ ಇದು. ಈ ಸಲ ಮದ್ದೂ ಐತ್ರಿ. ನಿಮ್ಮ ಉತ್ತರ ಎಲ್ಲಾ ನಾ ಅವರಿಗೇ ಕಳಸ್ತೀನ್ರಿ. ಪಂಚಮಿಗೆ ಹೋಗಬ್ಯಾಡ್ರಿ, ಪಾಡ್ಯಕ್ಕ ಹೋಗ್ರಿ ಅಂತ ನಮಗೆಲ್ಲಾ ಅವರದ ಕಟ್ಟಪ್ಪಣೆ.”

“ಮತ್ತ ತಾ ಯಾಕ ಬರಲಿಲ್ಲ?”

ಹುಡುಗಿ ನನ್ನ ಮುಖ ನೋಡಿದಳು. ಆಮೇಲೆ ಹೇಳಿದಳು. “ನಾ ಹೋದರ ನಮ್ಮವ್ವ ಆರಾಮ ಅದೀನಿ ಅಂತಾಳ, ಅದಕ್ಕ ನೀ ಹೋಗು ಅಂದ್ರು.”

“ಈ ಕೆಲಸಾ ಎಷ್ಟು ದಿನದ್ದು?”

“ಹತ್ತ ವರ್ಷದ್ದರಿ.”

ರತ್ನಾಬಾಯಿ ಮೆಲ್ಲಗೆ ಕೂತಳು. ಹತ್ತು ವರ್ಷ ತಾನು ಇರುವುದಿಲ್ಲ ಎಂಬುದು ಆಕೆಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಬಾಗಿಲ ಕಡೆ ಒಮ್ಮೆ ನೋಡಿದಳು. ಆಮೇಲೆ ಕಲ್ಮೇಶನ ಕಡೆ ನೋಡಿದಳು. ಅವನು ಮೂಗಿಗೆ ಟವೆಲ್ಲು ಕಟ್ಟಿಕೊಂಡು, ಅಪ್ಪ ನಿಲ್ಲುತ್ತಿದ್ದ ಜಾಗದಲ್ಲೇ, ಅಪ್ಪನಂತೆಯೇ ಚೌಕಟ್ಟು ಹಿಡಿದು ಬಗ್ಗಿ ನಿಂತಿದ್ದ. “ಕೇಳವಾ” ಎಂದಳು.

“ಕೆಮ್ಮು ಐತೇನ್ರಿ?”

“ಐತಿ.”

“ದಮ್ಮು?”

“ಐತಿ. ಇವನಿಗೂ ಐತಿ, ಬರಕೋ. ಇವರಪ್ಪ ಇದರಾಗ ಹೋದ್ರು, ಅದನ್ನೂ ಬರಕೋ.”

ಕೊಳವೆ ಕೊಟ್ಟಾಗ ಊದಿದಳು. ಮಕ್ಕಳ ಪೀಪಿಯೂ ನುಡಿಯದಷ್ಟು ಉಸಿರು ಬಂತು. ಹುಡುಗಿ ಧೂಳಿನ ಪೆಟ್ಟಿಗೆ ಮಗ್ಗಕ್ಕೆ ತೂಗುಹಾಕಿದಳು. ಸಂಜೆಯವರೆಗೆ ಅದು ಅಲ್ಲೇ ಇರಬೇಕಾಗಿತ್ತು. ಅಷ್ಟರಲ್ಲಿ ರತ್ನಾಬಾಯಿ ಅಡುಗೆಮನೆ ಸೇರಿದಳು. ಪಂಚಮಿಗೆಂದು ಎಳ್ಳು ಹುರಿದಿಟ್ಟಿದ್ದಳು, ಉಂಡಿ ಕಟ್ಟಿರಲಿಲ್ಲ. ಬೆಲ್ಲದ ಪಾಕ ಇಟ್ಟು, ನಡುನಡುವೆ ಒಲೆಯ ಕಟ್ಟೆಗೆ ಕೈಯೂರಿ ನಿಂತು, ಸೊಸೆ ತಾನು ಕಟ್ಟುತ್ತೇನೆಂದರೂ ಕೇಳದೆ ಒಬ್ಬಳೇ ಕಟ್ಟಿದಳು. ಸಂಘಮಿತ್ರಾಳಿಗೆ ರೊಟ್ಟಿ ಬೆಣ್ಣೆ ಬಡಿಸಿದಳು. ಹುಡುಗಿ ಹೊರಟಾಗ ಹೊಸದೊಂದು ಡಬ್ಬಿ ತಂದು ಅವಳ ಕೈಗಿಟ್ಟಳು.

“ಇದು ಅಕೀ ಪಾಲಿಂದು. ಇಷ್ಟು ವರ್ಷ ಮಾಸ್ತರ ತಿಂದಾರ.”

ಹುಡುಗಿ ಡಬ್ಬಿಯನ್ನು ಚೀಲದಲ್ಲಿಟ್ಟುಕೊಂಡಳು. ಹೊಸ್ತಿಲು ದಾಟಿದವಳು ತಿರುಗಿ ಕೇಳಿದಳು. “ಮೇಡಂ ನಿಮ್ಮನ್ನ ಕೇಳೇ ಕೇಳ್ತಾರ್ರಿ. ಏನಂತ ಹೇಳ್ಲಿ?”

ರತ್ನಾಬಾಯಿ ಬಾಗಿಲ ಚೌಕಟ್ಟು ಹಿಡಿದು ನಿಂತು, ಉಸಿರು ತಂದುಕೊಂಡು, ಹುಬ್ಬಿನ ಮೇಲಿನ ಬಿಳಿ ಧೂಳನ್ನು ಸೆರಗಿನಿಂದ ಒರೆಸಿಕೊಂಡಳು.

“ಆರಾಮ ಅದಾಳ ಅಂತ ಹೇಳು.”